ಬಾಸ್ ಜೊತೆ ಜಗಳವಾಡಿದ ಅನೆಲ್ಕಾ ನೆರೂಳಿನಲ್ಲಿ ಬಾಸ್ ಆದ ಕಥೆ

ಹಾರ್ಬರ್ ಲೈನಿನ ಲೋಕಲ್ ಹಿಡಿದು ನೆರೂಳಿಗೆ ಹೋಗಿ ಡಿ.ವೈ. ಪಾಟೀಲ್ ಸ್ಟೇಡಿಯಂನಲ್ಲಿ ಕ್ರಿಕೆಟ್ ನೋಡಿದವರು ನಿಮ್ಮಲ್ಲಿ ಬಹಳ ಮಂದಿ ಇರಬಹುದು. ಅದೇ ಮೈದಾನದಲ್ಲಿ 2014 ಮತ್ತು 2015ರಲ್ಲಿ ಮುಂಬೈ ಸಿಟಿ ತಂಡಕ್ಕೆ ಫ್ರಾನ್ಸಿನ ನಿಕೋಲಾ ಅನೆಲ್ಕಾ ಆಡಿದ್ದ. ನನಗೆ ಫುಟ್‌ಬಾಲಿನ ಸೂಕ್ಷ್ಮಗಳು ಅಷ್ಟಕ್ಕಷ್ಟೆ. ಆದರೆ ಇಷ್ಟು ವರ್ಷ ಬ್ಯಾಂಕಿನಲ್ಲಿ ಕಳೆದವನಿಗೆ ಮ್ಯಾನೇಜರ್ ಮತ್ತು ಕೈಕೆಳಗಿನ ಜಾಣನ ಜಗಳ ಮಾತ್ರ ಬೇಗ ಅರ್ಥವಾಗುತ್ತದೆ ನೋಡಿ!

ಅನೆಲ್ಕಾ ಜಾಣನೇ. ಇಪ್ಪತ್ತರ ವಯಸ್ಸಿನಲ್ಲೇ ಆರ್ಸೆನಲ್‌ನಿಂದ ರಿಯಲ್ ಮ್ಯಾಡ್ರಿಡ್‌ಗೆ ಕೋಟಿಗಟ್ಟಲೆ ಬೆಲೆಗೆ ಹೋದವನು. ಅಲ್ಲಿ 2000ದಲ್ಲಿ ಅಭ್ಯಾಸಕ್ಕೇ ಬರುವುದಿಲ್ಲ ಅಂದ, ಕ್ಲಬ್ಬು ಅಮಾನತು ಮಾಡಿತು. ವಾಪಸ್ ಬಂದವನು ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನ ಎರಡೂ ಪಂದ್ಯಗಳಲ್ಲಿ ಬಯರ್ನ್ ಮ್ಯೂನಿಕ್ ವಿರುದ್ಧ ಗೋಲು ಹೊಡೆದ. ಇಂಥವನನ್ನು ಇಟ್ಟುಕೊಳ್ಳುವುದೂ ಕಷ್ಟ, ಬಿಡುವುದೂ ಕಷ್ಟ.

ದೊಡ್ಡ ರಂಪವಾದದ್ದು 2010ರ ದಕ್ಷಿಣ ಆಫ್ರಿಕಾ ವಿಶ್ವಕಪ್‌ನಲ್ಲಿ. ಜೂನ್ 17, ಎದುರಾಳಿ ಮೆಕ್ಸಿಕೋ, ಮಧ್ಯಂತರಕ್ಕೆ 0-0. ನೀನು ನಿನ್ನ ಜಾಗದಲ್ಲಿ ನಿಲ್ಲುತ್ತಿಲ್ಲ ಎಂದು ಕೋಚ್ ರೇಮಂಡ್ ಡೊಮೆನೆಕ್ ಆಕ್ಷೇಪಿಸಿದ. ಅನೆಲ್ಕಾ ಎದುರು ಮಾತಾಡಿದ. ದ್ವಿತೀಯಾರ್ಧಕ್ಕೆ ಅವನ ಜಾಗಕ್ಕೆ ಜಿನ್ಯಾಕ್ ಬಂದ, ಫ್ರಾನ್ಸ್ 0-2ರಿಂದ ಸೋತಿತು. ಎರಡು ದಿನ ಬಿಟ್ಟು 'ಲೆಕಿಪ್' ಪತ್ರಿಕೆಯ ಮುಖಪುಟದಲ್ಲಿ ಆ ಬೈಗುಳ! ಅಚ್ಚಾದ ಮಾತು ತನ್ನದಲ್ಲ ಎಂದು ಅನೆಲ್ಕಾ ವಾದಿಸಿದ, ಕ್ಷಮೆ ಮಾತ್ರ ಕೇಳಲಿಲ್ಲ. ಅವನನ್ನು ಮನೆಗೆ ಕಳಿಸಿದರು. ಮರುದಿನ ನೈಸ್ನಾದಲ್ಲಿ ಆಟಗಾರರೆಲ್ಲ ಅಭ್ಯಾಸಕ್ಕೆ ಬಹಿಷ್ಕಾರ ಹಾಕಿ ಬಸ್ಸಿನಲ್ಲಿ ಕುಳಿತರು. ಅವರ ಮನವಿಯನ್ನು ಪತ್ರಕರ್ತರೆದುರು ಓದಿದವನು ಯಾರು ಅಂದುಕೊಂಡಿರಿ? ಖುದ್ದು ಡೊಮೆನೆಕ್! ತನ್ನ ವಿರುದ್ಧದ ಯೂನಿಯನ್ ಪತ್ರವನ್ನು ತಾನೇ ಓದಿದ ಮ್ಯಾನೇಜರನ್ನು ನಾನಂತೂ ಕಂಡಿಲ್ಲ.

ಅನೆಲ್ಕಾ ಬಾಯಿ ಬಿಟ್ಟದ್ದು ತಪ್ಪೇ. ಆದರೆ ಬಾಗಿಲು ಹಾಕಿದ ಕೋಣೆಯ ಮಾತನ್ನು ಹೊರಗೆ ಸಾಗಿಸಿದವನದು ಅದಕ್ಕಿಂತ ದೊಡ್ಡ ತಪ್ಪು ಅಂತ ನನ್ನ ಲೆಕ್ಕ. ನಾಯಕ ಎವ್ರಾ ಹೇಳಿದ್ದೂ ಅದನ್ನೇ, ನಮ್ಮೊಳಗೇ ದ್ರೋಹಿ ಇದ್ದಾನೆ ಅಂತ. ಫ್ರಾನ್ಸ್ ಗುಂಪಿನಲ್ಲಿ ಕೊನೆಯದಾಯಿತು, ಅನೆಲ್ಕಾಗೆ 18 ಪಂದ್ಯಗಳ ನಿಷೇಧ ಬಿತ್ತು. ಮತ್ತೆ ದೇಶದ ಅಂಗಿ ತೊಡಲೇ ಇಲ್ಲ.

ಈಗ ನೆರೂಳಿಗೆ ಬನ್ನಿ. ಮೊದಲ ವರ್ಷ ಕೋಚ್ ಪೀಟರ್ ರೀಡ್ ಕೈಕೆಳಗೆ ಆಡಿದ ಅನೆಲ್ಕಾನನ್ನೇ 2015ರಲ್ಲಿ ಮಾಲೀಕರು ಆಟಗಾರ-ಮ್ಯಾನೇಜರ್ ಮಾಡಿದರು! ಅವನ ಕೈಗೆ ಸಿಕ್ಕವನು ನಮ್ಮ ಬೆಂಗಳೂರು ಎಫ್.ಸಿ.ಯ ನಾಯಕ ಸುನಿಲ್ ಛೆಟ್ರಿ, ಹರಾಜಿನಲ್ಲಿ 1.2 ಕೋಟಿ. ಇಬ್ಬರೂ ಮುನ್ನುಗ್ಗಿ ಆಡುವವರೇ, ಜಟಾಪಟಿ ಆಗಬಹುದಿತ್ತು. ಆದರೆ ಛೆಟ್ರಿ ಆ ಸೀಸನ್‌ನಲ್ಲಿ 7 ಗೋಲು ಹೊಡೆದ. ಅಕ್ಟೋಬರ್ 28ರಂದು ನಾರ್ತ್‌ಈಸ್ಟ್ ವಿರುದ್ಧ ಅವನು ಹೊಡೆದದ್ದು ಐ.ಎಸ್.ಎಲ್.ನಲ್ಲಿ ಭಾರತೀಯನೊಬ್ಬನ ಮೊದಲ ಹ್ಯಾಟ್ರಿಕ್.

ಇಪ್ಪತ್ತೇ ದಿನ. ನವೆಂಬರ್ 17ರಂದು ಗೋವಾದಲ್ಲಿ ಅದೇ ಮುಂಬೈ 0-7ರಿಂದ ಮುಗ್ಗರಿಸಿತು. ಆ ದಿನ ಮಧ್ಯಂತರದಲ್ಲಿ ಅನೆಲ್ಕಾ ಹುಡುಗರಿಗೆ ಏನು ಹೇಳಿದ್ದನೋ, ಯಾರಾದರೂ ತಿರುಗಿ ಮಾತಾಡಿದರೋ ಏನೋ! ಆ ಕೋಣೆಯ ಮಾತು ಮಾತ್ರ ಯಾವ ಪೇಪರಿನ ಮುಖಪುಟಕ್ಕೂ ಬರಲಿಲ್ಲ. ತಂಡ ಎಂಟರಲ್ಲಿ ಆರನೆಯದಾಯಿತು. 2016ರಲ್ಲಿ ಕುರ್ಚಿಗೆ ಅಲೆಕ್ಸಾಂಡ್ರೆ ಗಿಮರೇಸ್ ಬಂದ, ಮೈದಾನವೂ ಅಂಧೇರಿಗೆ ಬದಲಾಯಿತು, ಆ ವರ್ಷ ಲೀಗ್ ಹಂತದಲ್ಲಿ ಮುಂಬೈ ಮೊದಲ ಸ್ಥಾನಕ್ಕೇರಿತು.