ಪಾರ್ಕಿನ್ಸನ್: ಡಾಕ್ಟರ್ ಮಾತ್ರೆ ಬರೆಯೋದು ಹೇಗೆ, ನಾವು ಕೇಳಬೇಕಾದ್ದು ಏನು?

ನಮ್ಮ ತಾತನಿಗೆ ಪಾರ್ಕಿನ್ಸನ್ ಇದೆ. ಶಿರಾ ಕಡೆಯ ಹಳ್ಳಿಯಿಂದ ಅವರನ್ನು ಬೆಂಗಳೂರಿಗೆ ಕರೆತರೋದು ನನ್ನ ಪಾಲಿನ ಕೆಲಸ. ಮೂರು ತಿಂಗಳಿಗೊಮ್ಮೆ ನಸುಕಿನ ಬಸ್ಸು, ಓಪಿಡಿ ಕ್ಯೂ, ಡಾಕ್ಟರ್ ಮುಂದೆ ಐದು ನಿಮಿಷ. ಆ ಐದು ನಿಮಿಷದಲ್ಲಿ ಏನು ತೀರ್ಮಾನ ಆಗುತ್ತೆ ಅನ್ನೋದು ಅರ್ಥವಾಗೋಕೆ ನನಗೆ ಎರಡು ವರ್ಷ ಹಿಡಿಯಿತು. ನಿಮಗೆ ಅಷ್ಟು ಕಾಲ ಹಿಡಿಯದಿರಲಿ ಅಂತ ಇದನ್ನು ಬರೀತಿದ್ದೇನೆ.

ಮೊದಲು ಹಳೇ ಮಾತ್ರೆಗಳ ವಿಚಾರ

ಪಾರ್ಕಿನ್ಸನ್ ಪತ್ತೆ ಮಾಡೋಕೆ ಶುಗರ್ ಟೆಸ್ಟಿನಂಥ ಸುಲಭದ ದಾರಿ ಇಲ್ಲ. ನಿಧಾನವಾದ ಚಲನೆ, ಬಿಗಿತ, ನಡುಕ, ನಡಿಗೆ ನೋಡಿ ಡಾಕ್ಟರ್ ನಿರ್ಧರಿಸ್ತಾರೆ. ಅದಕ್ಕೂ ಮುಂಚೆ ಒಂದು ಪ್ರಶ್ನೆ ಬರಬೇಕು: ಈಗ ಯಾವ್ಯಾವ ಮಾತ್ರೆ ತಗೊಳ್ತಿದ್ದೀರಿ? ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ಮೈಗ್ರೇನಿಗೆ ಕೊಡುವ ಫ್ಲುನರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಮನೋರೋಗದ ಕೆಲವು ಔಷಧಿಗಳು ಪಾರ್ಕಿನ್ಸನ್ ಥರದ್ದೇ ಲಕ್ಷಣ ತರಬಲ್ಲವು. ಡಾಕ್ಟರ್ ಕೇಳದಿದ್ದರೂ ಹಳೇ ಚೀಟಿಗಳನ್ನೆಲ್ಲ ಮೇಜಿನ ಮೇಲಿಡಿ.

110 ಅಂದ್ರೆ ಏನು?

ಈ ಕಾಯಿಲೆಯಲ್ಲಿ ಮಿದುಳಿನಲ್ಲಿ ಡೋಪಮಿನ್ ತಯಾರಿಸುವ ಕೋಶಗಳು ಸಾಯುತ್ತಾ ಹೋಗ್ತವೆ. ಡೋಪಮಿನ್ನನ್ನೇ ನುಂಗಿದರೆ ಅದು ಮಿದುಳು ಸೇರಲ್ಲ. ಹಾಗಾಗಿ ಒಳಗೆ ಹೋಗಿ ಡೋಪಮಿನ್ ಆಗುವ ಲೆವೊಡೋಪ ಕೊಡ್ತಾರೆ. ಕಡಿಮೆಯಿಂದ ಶುರು ಮಾಡಿ ನಿಧಾನಕ್ಕೆ ಏರಿಸೋದು 1960ರ ದಶಕದ ಕೊನೆಯಲ್ಲಿ ಅಮೆರಿಕದ ಜಾರ್ಜ್ ಕಾಟ್ಜಿಯಾಸ್ ತೋರಿಸಿಕೊಟ್ಟ ಕ್ರಮ. ಇವತ್ತಿಗೂ ಅದೇ ನಡೆಯುತ್ತಿದೆ.

ಲೆವೊಡೋಪ ದಾರಿಯಲ್ಲೇ ಖರ್ಚಾಗಿಬಿಡದಂತೆ ಜೊತೆಗೆ ಕಾರ್ಬಿಡೋಪ ಸೇರಿಸಿರ್ತಾರೆ. 110 ಅಂದ್ರೆ 100 ಮಿ.ಗ್ರಾಂ ಲೆವೊಡೋಪ, 10 ಮಿ.ಗ್ರಾಂ ಕಾರ್ಬಿಡೋಪ. 125ರಲ್ಲಿ 100 ಮತ್ತು 25, 275ರಲ್ಲಿ 250 ಮತ್ತು 25. ಕಾರ್ಬಿಡೋಪ ಸಾಮಾನ್ಯವಾಗಿ ದಿನಕ್ಕೆ 70ರಿಂದ 100 ಮಿ.ಗ್ರಾಂ ಬೇಕು. 110ರ ಮಾತ್ರೆ ಮೂರು ಸಲ ತಗೊಂಡರೆ ಸಿಗೋದು 30 ಮಾತ್ರ. ವಾಕರಿಕೆ ಬರ್ತಿದ್ದರೆ ಈ ಲೆಕ್ಕದ ಬಗ್ಗೆ ಡಾಕ್ಟರನ್ನು ಕೇಳಿ.

ವಯಸ್ಸು ನೋಡಿ ಆಯ್ಕೆ

ವಯಸ್ಸು ಕಡಿಮೆ ಇದ್ದವರಿಗೆ ಕೆಲವೊಮ್ಮೆ ಪ್ರಮಿಪೆಕ್ಸೋಲ್, ರೋಪಿನಿರೋಲ್‌ನಿಂದ ಶುರು ಮಾಡ್ತಾರೆ. ಇವು ಕೆಲವರಲ್ಲಿ ಜೂಜು, ಮಿತಿಮೀರಿದ ಖರೀದಿಯಂಥ ಚಟ ಹುಟ್ಟಿಸಬಲ್ಲವು. ಇದನ್ನು ಮನೆಯವರಿಗೆ ಮೊದಲೇ ಹೇಳಬೇಕು. ಹಿರಿಯರಲ್ಲಿ ಭ್ರಮೆ, ಮಂಪರು ಹೆಚ್ಚು. ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ವಯಸ್ಸಾದವರ ನೆನಪನ್ನು ಮಂಕು ಮಾಡಬಹುದು, ಮೂತ್ರ ಕಟ್ಟಬಹುದು. ಅದಕ್ಕೇ ಹಿರಿಯರಿಗೆ ಹೆಚ್ಚಾಗಿ ಲೆವೊಡೋಪ.

‘ಲೆವೊಡೋಪ ಬೇಗ ಶುರು ಮಾಡಿದ್ರೆ ಬೇಗ ಕೈಕೊಡುತ್ತೆ’ ಅನ್ನೋ ಭಯ ಬಹಳ ಜನರಿಗಿದೆ. ಬೇಗ ಶುರು ಮಾಡೋದ್ರಿಂದ ಕಾಯಿಲೆ ವೇಗ ಪಡೆಯೋದೂ ಇಲ್ಲ, ನಿಲ್ಲೋದೂ ಇಲ್ಲ ಅಂತ 2019ರಲ್ಲಿ ಪ್ರಕಟವಾದ ಲೀಪ್ ಅಧ್ಯಯನ ತೋರಿಸಿತು.

ಗಡಿಯಾರವೇ ಅರ್ಧ ಚಿಕಿತ್ಸೆ

ನಮ್ಮ ತಾತನ ಚೀಟಿಯಲ್ಲಿ 1-1-1 ಅಂತಷ್ಟೇ ಇತ್ತು. ನಾವು ಮುದ್ದೆ, ಕಾಳಿನ ಸಾರು ಉಂಡಾದ ಮೇಲೆ ಕೊಡ್ತಿದ್ವಿ. ಸಂಜೆ ನಾಲ್ಕಕ್ಕೆ ಅವರು ಕುರ್ಚಿಯಿಂದ ಏಳೋಕೂ ಆಗದೆ ಬಿಗಿದು ಕೂರ್ತಿದ್ರು. ಕಾಯಿಲೆ ಜಾಸ್ತಿ ಆಯ್ತು ಅಂದುಕೊಂಡ್ವಿ. ಒಂದು ಸಲ ನಾನು ಯಾವ ಹೊತ್ತಿಗೆ ಬಿಗಿತ, ಯಾವಾಗ ಸರಾಗ ಅಂತ ವಾರವಿಡೀ ಬರೆದುಕೊಂಡು ಹೋದೆ. ಅದನ್ನು ನೋಡಿದ ಡಾಕ್ಟರ್ ಹೊಸ ಔಷಧಿ ಬರೆಯಲಿಲ್ಲ. ಊಟಕ್ಕೆ ಅರ್ಧ ಗಂಟೆ ಮುಂಚೆ ಅಥವಾ ಒಂದು ಗಂಟೆ ಆದ ಮೇಲೆ ಕೊಡಿ ಅಂದ್ರು, ಮೂರು ಹೊತ್ತನ್ನು ನಾಲ್ಕು ಮಾಡಿದ್ರು. ಊಟದಲ್ಲಿನ ಪ್ರೋಟೀನು ಲೆವೊಡೋಪ ಒಳಸೇರೋದಕ್ಕೆ ಪೈಪೋಟಿ ಕೊಡುತ್ತೆ, ವರ್ಷ ಕಳೆದಂತೆ ಒಂದು ಮಾತ್ರೆ ಕೆಲಸ ಮಾಡುವ ಅವಧಿಯೂ ಕಿರಿದಾಗುತ್ತೆ. ಈಗ ತಾತ ಸಂಜೆ ಜಗಲಿಗೆ ಬಂದು ಕೂರ್ತಾರೆ. ಕಾಯಿಲೆ ಹೋಗಿಲ್ಲ, ಸಂಜೆ ವಾಪಸ್ ಸಿಕ್ಕಿದೆ.

ಎರಡು ಎಚ್ಚರಿಕೆ. ಮಾತ್ರೆಯನ್ನು ಇದ್ದಕ್ಕಿದ್ದಂತೆ ನಿಲ್ಲಿಸಬೇಡಿ. ವಿಪರೀತ ಜ್ವರ, ಬಿಗಿತ ಬಂದು ಪ್ರಾಣಕ್ಕೇ ಕುತ್ತಾಗಬಹುದು. ನಸುಗುನ್ನಿ ಬೀಜದಲ್ಲೂ ಲೆವೊಡೋಪ ಇದೆ. ಅದರ ಪುಡಿ ತಗೊಳ್ತಿದ್ದರೆ ಮುಚ್ಚಿಡದೆ ಹೇಳಿ, ಇಲ್ಲದಿದ್ದರೆ ಡೋಸ್ ಲೆಕ್ಕ ತಪ್ಪುತ್ತೆ.

ಇದು ರಾಜಕೀಯ ಯಾಕೆ?

ಲೆವೊಡೋಪ-ಕಾರ್ಬಿಡೋಪ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ, ಬೆಲೆಗೆ ಸರ್ಕಾರದ ಮಿತಿಯೂ ಇದೆ. ಆದರೆ ಡೋಸ್ ಮತ್ತು ಹೊತ್ತನ್ನು ಹೊಂದಿಸಿಕೊಡುವ ವೈದ್ಯರು ನಮ್ಮೂರಿಂದ ನೂರು ಕಿಲೋಮೀಟರಿಗೂ ದೂರ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ನಿಮ್ಹಾನ್ಸ್ ಮೂಲಕ ತರಬೇತಿ ಕೊಡಿಸುವ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ 2022ರಲ್ಲಿ ಶುರುವಾಗಿದೆ. ಅದು ನಿಮ್ಮ ತಾಲ್ಲೂಕಿಗೆ ಬಂದಿದೆಯಾ ಅಂತ ನಿಮ್ಮ ಶಾಸಕರನ್ನು ಕೇಳಿ. ಅಲ್ಲಿವರೆಗೆ ಒಂದು ನೋಟ್‌ಬುಕ್ ತಗೊಳ್ಳಿ. ಮಾತ್ರೆ, ಊಟ, ಬಿಗಿತ, ಮೂರರ ಹೊತ್ತನ್ನೂ ಬರೆದಿಡಿ. ಸಿಗೋ ಐದು ನಿಮಿಷ ದಂಡವಾಗಲ್ಲ.