ಲ್ಯಾಪ್‌ಟಾಪ್‌ಗೆ ಡಾಂಗಲ್ ಹಾಕ್ತೀರಾ? ಕೊಳ್ಳೋ ಮೊದಲು, ಹಾಕಿದ ಮೇಲೆ ಗೊತ್ತಿರಬೇಕಾದ್ದು ಇಷ್ಟು

ಮಳೆಗಾಲ ಶುರುವಾಯ್ತು ಅಂದ್ರೆ ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾ ಕಡೆ ಮೊದಲು ಹೋಗೋದು ಕರೆಂಟು, ಅದರ ಹಿಂದೆಯೇ ಫೈಬರ್ ಲೈನು. ಮರ ಬಿದ್ದು ಕೇಬಲ್ ತುಂಡಾದ್ರೆ ಅದು ಯಾವಾಗ ಸರಿಯಾಗ್ತದೆ ಅಂತ ಹೇಳೋಕಾಗಲ್ಲ. ಆದರೆ ಸಿಇಟಿ ಆಪ್ಷನ್ ಎಂಟ್ರಿ, ಬೆಳೆ ವಿಮೆ ಅರ್ಜಿ, ಮನೆಯಿಂದಲೇ ಕೆಲಸ ಮಾಡೋರ ಮೀಟಿಂಗು, ಇವು ಯಾವುವೂ ಮಳೆ ನೋಡಿ ಮುಂದಕ್ಕೆ ಹೋಗಲ್ಲ. ಅಂಥ ಹೊತ್ತಿಗೆ ಕೈಹಿಡಿಯೋದು ಸಿಮ್ ಹಾಕೋ ಯುಎಸ್‌ಬಿ ಡಾಂಗಲ್. ಬಗೆ ತಿಳಿಯದೆ ಕೊಂಡ್ರೆ ಮಾತ್ರ ಅದು ಡ್ರಾಯರ್ ಸೇರ್ತದೆ.

ನಿಜವಾಗಿ ಬೇಕಾ?

ಅಪರೂಪಕ್ಕೊಮ್ಮೆ ಬೇಕಾದ್ರೆ ನಿಮ್ಮ ಮೊಬೈಲೇ ಸಾಕು. ಡೇಟಾ ಕೇಬಲ್‌ನಲ್ಲಿ ಲ್ಯಾಪ್‌ಟಾಪ್‌ಗೆ ಸೇರಿಸಿ, ಸೆಟ್ಟಿಂಗ್ಸ್‌ನ ಹಾಟ್‌ಸ್ಪಾಟ್ ವಿಭಾಗದಲ್ಲಿ 'ಯುಎಸ್‌ಬಿ ಟೆದರಿಂಗ್' ಆನ್ ಮಾಡಿ. ವೈಫೈ ಹಾಟ್‌ಸ್ಪಾಟ್‌ಗಿಂತ ಇದು ಸ್ಥಿರ, ಫೋನೂ ಚಾರ್ಜ್ ಆಗ್ತಾ ಇರ್ತದೆ.

ದಿನಾ ಗಂಟೆಗಟ್ಟಲೆ ಕೆಲಸ ಇದ್ದು, ಫೋನ್ ಬಿಸಿಯಾಗಿ, ಮನೆಯವರು ಅದನ್ನು ತಗೊಂಡು ಹೊರಗೆ ಹೋದ ಕೂಡಲೇ ನೆಟ್ ಕಟ್ ಆಗ್ತಿದ್ರೆ ಡಾಂಗಲ್ ಬೇಕು. ಇನ್ನೊಂದು ಲಾಭ ಇದೆ: ಸಿಗ್ನಲ್ ಸಿಗೋ ಕಿಟಕಿ ಹತ್ತಿರ ಡಾಂಗಲ್ ಇಟ್ಟು, ನೀವು ಒಳಗೆ ಕೂತು ಕೆಲಸ ಮಾಡಬಹುದು.

ಹಳೇ ಡಾಂಗಲ್ ನಡೆಯಲ್ಲ

ಟಾಟಾ ಫೋಟಾನ್, ರಿಲಯನ್ಸ್ ನೆಟ್‌ಕನೆಕ್ಟ್ ಕಾಲದವು ಸಿಡಿಎಂಎ ಡಾಂಗಲ್‌ಗಳು. ಆ ನೆಟ್‌ವರ್ಕೇ ಈಗ ಇಲ್ಲ. 3ಜಿ ಡಾಂಗಲ್‌ನಲ್ಲಿ ಜಿಯೋ ಯಾವತ್ತೂ ನಡೆಯಲ್ಲ, ಯಾಕಂದ್ರೆ ಜಿಯೋಗೆ 2ಜಿ, 3ಜಿ ಇಲ್ಲವೇ ಇಲ್ಲ. ಏರ್‌ಟೆಲ್ ಕೂಡ 2020ರ ಹೊತ್ತಿಗೆ 3ಜಿ ನಿಲ್ಲಿಸಿದೆ. ಕಡಿಮೆ ರೇಟಿಗೆ ಸೆಕೆಂಡ್‌ಹ್ಯಾಂಡ್ ಸಿಗ್ತದೆ ಅಂತ ಹೋಗೋರು ಅದರ ಮೇಲೆ '4ಜಿ' ಅಥವಾ 'ಎಲ್‌ಟಿಇ' ಅಂತ ಇದೆಯಾ ನೋಡಿ.

ಅಷ್ಟೇ ಸಾಲದು, ಬ್ಯಾಂಡ್ ನೋಡಿ. ಜಿಯೋ 4ಜಿಗೆ 3, 5, 40 ಬ್ಯಾಂಡ್ ಬೇಕು. ಏರ್‌ಟೆಲ್‌ಗೆ 1, 3, 8, 40. ಬಿಎಸ್‌ಎನ್‌ಎಲ್ ಸ್ವದೇಶಿ 4ಜಿ 2025ರ ಸೆಪ್ಟೆಂಬರ್ 27ರಂದು ದೇಶಕ್ಕೆ ಅಧಿಕೃತವಾಗಿ ಲೋಕಾರ್ಪಣೆ ಆಯ್ತು; ಅದಕ್ಕೆ 1 ಮತ್ತು 28 ಮುಖ್ಯ. 28 ಅಂದ್ರೆ 700 ಮೆಗಾಹರ್ಟ್ಸ್. ಕಡಿಮೆ ಫ್ರೀಕ್ವೆನ್ಸಿಯ ತರಂಗ ದೂರ ಹೋಗ್ತದೆ, ಗೋಡೆ, ಗಿಡಮರ ದಾಟ್ತದೆ. 2300 ಮೆಗಾಹರ್ಟ್ಸ್‌ನ 40ನೇ ಬ್ಯಾಂಡ್ ಟವರ್ ಹತ್ತಿರ ಇದ್ರೆ ಸ್ಪೀಡು, ಗುಡ್ಡದ ಹಿಂದೆ ಇದ್ರೆ ಸೊನ್ನೆ. ಹಾಗಾಗಿ ಮಲೆನಾಡಿನವರು 5, 8, 28 ಇಲ್ಲದ ಡಾಂಗಲ್ ತಗೋಬೇಡಿ.

ಕಂಪನಿಯೇ ಮಾರೋ ಡಾಂಗಲ್ ಆ ಕಂಪನಿಯ ಸಿಮ್‌ಗೆ ಮಾತ್ರ ಲಾಕ್ ಆಗಿರಬಹುದು. ಅಂಗಡಿಯಲ್ಲೇ ಕೇಳಿ. ಮನೆಯಲ್ಲಿ ಯಾವ ಕಂಪನಿಯ ಸಿಗ್ನಲ್ ಸಿಗ್ತದೆ ಅಂತ ಫೋನ್‌ನಲ್ಲಿ ಮೊದಲು ಪರೀಕ್ಷೆ ಮಾಡಿ, ಆಮೇಲೆ ಸಿಮ್ ಕೊಳ್ಳಿ.

ಹಾಕೋದು ಹೇಗೆ?

1. ಸಿಮ್ಮನ್ನು ಮೊದಲು ಫೋನ್‌ಗೆ ಹಾಕಿ ಆಕ್ಟಿವೇಟ್ ಮಾಡಿ, ರೀಚಾರ್ಜ್ ಆಗಿದೆಯಾ, ನೆಟ್ ಬರ್ತದಾ ನೋಡಿ. ಸಿಮ್‌ಗೆ ಪಿನ್ ಲಾಕ್ ಇದ್ರೆ ತೆಗೆಯಿರಿ. ಪಿನ್ 3 ಸಲ ತಪ್ಪಾದ್ರೆ ಪಿಯುಕೆ ಕೇಳ್ತದೆ. ಪಿಯುಕೆ 10 ಸಲ ತಪ್ಪಾದ್ರೆ ಸಿಮ್ ಸತ್ತ ಹಾಗೆ.

2. ಡಾಂಗಲ್‌ನ ಸ್ಲಾಟ್ ದೊಡ್ಡದಿದ್ದು ನಿಮ್ಮದು ನ್ಯಾನೊ ಸಿಮ್ ಆಗಿದ್ರೆ ಅಡಾಪ್ಟರ್ ಬೇಕು. ಖಾಲಿ ಅಡಾಪ್ಟರ್ ಮಾತ್ರ ಒಳಗೆ ತಳ್ಳಬೇಡಿ, ಪಿನ್‌ಗೆ ಸಿಕ್ಕಿ ಮುರೀತದೆ.

3. ಲ್ಯಾಪ್‌ಟಾಪ್‌ಗೆ ಚುಚ್ಚಿದಾಗ ಕೆಲವು ಡಾಂಗಲ್ ಮೊದಲು ಸಿಡಿ ಡ್ರೈವ್ ತರ ಕಾಣ್ತದೆ. ಗಾಬರಿ ಬೇಡ, ಅದರೊಳಗೇ ಸಾಫ್ಟ್‌ವೇರ್ ಇರ್ತದೆ. ಇನ್‌ಸ್ಟಾಲ್ ಮಾಡಿದ ಮೇಲೆ ಮೋಡೆಮ್ ಆಗಿ ಬದಲಾಗ್ತದೆ.

4. ಹೊಸ ಡಾಂಗಲ್ ಹೆಚ್ಚಿನವು ನೆಟ್‌ವರ್ಕ್ ಕಾರ್ಡ್ ತರ ನೇರವಾಗಿ ಕನೆಕ್ಟ್ ಆಗ್ತವೆ. ಸೆಟ್ಟಿಂಗ್ ನೋಡೋಕೆ ಬ್ರೌಸರ್‌ನಲ್ಲಿ ಅದರ ವಿಳಾಸ ಹಾಕಬೇಕು. ಹುವಾವೇಯಲ್ಲಿ ಸಾಮಾನ್ಯವಾಗಿ 192.168.8.1, ಝಡ್‌ಟಿಇಯಲ್ಲಿ 192.168.0.1. ಡಾಂಗಲ್‌ನ ಸ್ಟಿಕ್ಕರ್ ಮೇಲೂ ಬರೆದಿರ್ತದೆ. ಪಾಸ್‌ವರ್ಡ್ ಅಲ್ಲೇ ಇರೋದ್ರಿಂದ ಮೊದಲ ದಿನವೇ ಬದಲಾಯಿಸಿ.

5. ಸಿಗ್ನಲ್ ಇದ್ದೂ ನೆಟ್ ಬರದಿದ್ರೆ ಎಪಿಎನ್ ನೋಡಿ. ಜಿಯೋಗೆ ಜಿಯೋನೆಟ್, ಅಂದ್ರೆ ಇಂಗ್ಲಿಷ್ ಸಣ್ಣಕ್ಷರದಲ್ಲಿ ಜೆ-ಐ-ಓ-ಎನ್-ಇ-ಟಿ. ಬಿಎಸ್‌ಎನ್‌ಎಲ್‌ಗೆ ಬಿಎಸ್‌ಎನ್‌ಎಲ್‌ನೆಟ್. ಏರ್‌ಟೆಲ್‌ಗೆ ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್. ಎಲ್ಲಾ ಇಂಗ್ಲಿಷ್ ಸಣ್ಣಕ್ಷರ, ನಡುವೆ ಜಾಗ ಬಿಡಬಾರದು. ಯೂಸರ್‌ನೇಮ್, ಪಾಸ್‌ವರ್ಡ್ ಖಾಲಿ ಬಿಡಿ. ಡಯಲ್ ನಂಬರ್ ಕೇಳೋ ಮಾದರಿ ಆದ್ರೆ *99# ಹಾಕಿ.

ಎಲ್ಲಿಡಬೇಕು?

ಕಡ್ಡಿ ಎಷ್ಟಿದೆ ಅಂತ ನೋಡಿದ್ರೆ ಪೂರ್ತಿ ಗೊತ್ತಾಗಲ್ಲ. ಡಾಂಗಲ್‌ನ ಪುಟದಲ್ಲಿ 'ಆರ್‌ಎಸ್‌ಆರ್‌ಪಿ' ಅನ್ನೋ ಸಂಖ್ಯೆ ಇದ್ರೆ ಅದನ್ನು ನೋಡಿ. -80 ಹತ್ತಿರ ಇದ್ರೆ ಭರ್ಜರಿ, -100 ಅಂದ್ರೆ ಸಾಧಾರಣ, -115 ದಾಟಿದ್ರೆ ಪದೇ ಪದೇ ಕಟ್ ಆಗ್ತದೆ. ಡಾಂಗಲನ್ನು ಒಂದೊಂದು ಕಿಟಕಿ ಹತ್ತಿರ ಇಟ್ಟು, ಒಂದು ನಿಮಿಷ ಕಾದು, ಸಂಖ್ಯೆ ಬರೆದಿಟ್ಕೊಳ್ಳಿ. ತಗಡಿನ ಮಾಡಿನ ಕೆಳಗೆ, ಗ್ರಿಲ್‌ಗೆ ಅಂಟಿಸಿ ಇಡಬೇಡಿ, ಲೋಹ ಸಿಗ್ನಲ್ ತಡೀತದೆ.

ದೂರಕ್ಕೆ ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್ ಬಳಸಬಹುದು, ಆದರೆ ಒಳ್ಳೇದು ತಗೊಳ್ಳಿ. ಯುಎಸ್‌ಬಿ 2 ಪೋರ್ಟ್ ಕೊಡೋದು 500 ಮಿಲಿಆಂಪ್ ಕರೆಂಟು. ಟವರ್ ದೂರ ಇದ್ದಷ್ಟೂ ಡಾಂಗಲ್ ಜೋರಾಗಿ ಕೂಗಬೇಕು, ಹೆಚ್ಚು ಕರೆಂಟು ಎಳೀತದೆ. ತೆಳು ತಂತಿಯ ಉದ್ದ ಕೇಬಲ್‌ನಲ್ಲಿ ವೋಲ್ಟೇಜ್ ಬಿದ್ದು ಡಾಂಗಲ್ ಆಫ್ ಆನ್ ಆಗ್ತಾ ಇರ್ತದೆ. ಜನ ಆಗ ನೆಟ್‌ವರ್ಕ್‌ಗೆ ಬೈತಾರೆ, ತಪ್ಪು ಕೇಬಲ್‌ದು!

ಆನ್‌ಲೈನ್‌ನಲ್ಲಿ ಸಿಗೋ 'ಸಿಗ್ನಲ್ ಬೂಸ್ಟರ್' ಹಾಕಬೇಡಿ. ಅನುಮತಿ ಇಲ್ಲದ ಬೂಸ್ಟರ್ ಇಡೋದು ಕಾನೂನು ಪ್ರಕಾರ ಅಪರಾಧ. ಅದು ಅಕ್ಕಪಕ್ಕದ ಮನೆಗಳ ಸಿಗ್ನಲ್ಲನ್ನೂ ಕೆಡಿಸ್ತದೆ.

ಡೇಟಾ ಖಾಲಿಯಾಗೋದು ಹೀಗೆ

ದಿನಕ್ಕೆ 1.5 ಜಿಬಿ ಪ್ಯಾಕ್ ಇದ್ದಾಗ ವಿಂಡೋಸ್ ಅಪ್‌ಡೇಟ್ ಒಂದೇ ಬೆಳಗ್ಗೆ ಅದನ್ನು ಮುಗಿಸಬಹುದು. ಆಮೇಲೆ ಸ್ಪೀಡ್ 64 ಕೆಬಿಪಿಎಸ್‌ಗೆ ಇಳಿದ್ರೆ ಅರ್ಜಿಯ ಪುಟವೂ ತೆರೆಯಲ್ಲ. ಆದ್ದರಿಂದ ವಿಂಡೋಸ್ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ ಈ ಕನೆಕ್ಷನ್‌ಗೆ 'ಮೀಟರ್ಡ್ ಕನೆಕ್ಷನ್' ಆನ್ ಮಾಡಿ. ಡ್ರೈವ್, ಫೋಟೋ ಬ್ಯಾಕಪ್ ನಿಲ್ಲಿಸಿ. ಒಂದು ಗಂಟೆ ವಿಡಿಯೋ ಕಾಲ್‌ಗೆ ಅರ್ಧ ಜಿಬಿಗೂ ಮೇಲೆ ಬೇಕಾಗಬಹುದು, ಸಿಗ್ನಲ್ ಕಡಿಮೆ ಇದ್ದಾಗ ಕ್ಯಾಮೆರಾ ಆಫ್ ಮಾಡಿ ಮಾತಾಡಿ.

ಸ್ವಲ್ಪ ಹೊತ್ತು ಬಿಟ್ಟು ಡಾಂಗಲ್ ತಾನಾಗೇ ಮಾಯ ಆಗ್ತಿದ್ರೆ, ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ಹಬ್‌ನ ಪವರ್ ಮ್ಯಾನೇಜ್‌ಮೆಂಟ್‌ಗೆ ಹೋಗಿ, ಪವರ್ ಉಳಿಸೋಕೆ ಡಿವೈಸ್ ಆಫ್ ಮಾಡೋ ಆಯ್ಕೆಯ ಟಿಕ್ ತೆಗೆಯಿರಿ.

ಒಟಿಪಿ ಮರೀಬೇಡಿ

ಆಧಾರ್‌ಗೆ, ಬ್ಯಾಂಕ್‌ಗೆ ಲಿಂಕ್ ಆದ ಸಿಮ್ ಡಾಂಗಲ್‌ಗೆ ಹಾಕಿದ್ರೆ ಒಟಿಪಿ ಬರೋದು ಡಾಂಗಲ್‌ಗೇ. ಅದರ ಪುಟದ ಎಸ್‌ಎಂಎಸ್ ವಿಭಾಗದಲ್ಲಿ ನೋಡಬೇಕು. ಕೆಲವು ಮಾದರಿಯಲ್ಲಿ ಆ ಸೌಲಭ್ಯವೇ ಇಲ್ಲ. ಕೊನೇ ಗಳಿಗೆಯಲ್ಲಿ ಸಿಮ್ ತೆಗೆದು ಫೋನ್‌ಗೆ ಹಾಕೋಕೆ ಹೋದ್ರೆ ನೆಟ್ ಹೋಗ್ತದೆ, ಪುಟ ಲಾಗ್‌ಔಟ್ ಆಗ್ತದೆ. ಡಾಂಗಲ್‌ಗೆ ಬೇರೆಯೇ ಸಿಮ್ ಇಡಿ, ನಿಮ್ಮ ಹೆಸರಲ್ಲೇ ತಗೊಳ್ಳಿ. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನೋಡಬಹುದು. ಕರ್ನಾಟಕದಲ್ಲಿ ಒಬ್ಬರಿಗೆ 9ರ ಮಿತಿ. ವರ್ಷಕ್ಕೊಮ್ಮೆ ಮಾತ್ರ ತೆಗೆಯೋ ಸಿಮ್ ಬಂದ್ ಆಗಿರಬಹುದು, ಮಳೆಗಾಲಕ್ಕೆ ಮೊದಲೇ ರೀಚಾರ್ಜ್ ಮಾಡಿ ಪರೀಕ್ಷೆ ಮಾಡಿಟ್ಕೊಳ್ಳಿ.

ಸಿಡಿಲು ಇದ್ದಾಗ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಕೆಲಸ ಮಾಡಿ. ಕರೆಂಟ್ ತುಂಬಾ ಹೊತ್ತು ಹೋದ್ರೆ ಟವರ್‌ನ ಬ್ಯಾಟರಿಯೂ ಇಳೀಬಹುದು. ಹಾಗಾಗಿ ಡಾಂಗಲ್ ಇದ್ರೂ ಅರ್ಜಿಯನ್ನು ಕೊನೇ ದಿನಕ್ಕೆ ಉಳಿಸದೆ, ಸಿಗ್ನಲ್ ಚೆನ್ನಾಗಿರೋ ದಿನವೇ ಸಲ್ಲಿಸಿ, ರಸೀದಿ ಸೇವ್ ಮಾಡಿಟ್ಕೊಳ್ಳಿ.