ಸರತಿಯ ನಿಯಮ ಬರೆದವರು ಯಾರು?



ಹಳೆಯ ಮೈಸೂರು ಸೀಮೆಯ ಕೆರೆಗಳಲ್ಲಿ ನೀರುಗಂಟಿ ಎಂಬೊಬ್ಬ ಇರುತ್ತಿದ್ದುದನ್ನು ನಿಮ್ಮಲ್ಲಿ ಹಿರಿಯರು ಬಲ್ಲಿರಿ. ತೂಬು ಎತ್ತುವವನೂ ಇಳಿಸುವವನೂ ಅವನೇ. ಯಾರ ಗದ್ದೆಗೆ ಮೊದಲು ನೀರು, ಯಾರಿಗೆ ಆಮೇಲೆ ಎಂಬುದಕ್ಕೆ ಕಟ್ಟುಪಾಡು ಇತ್ತು. ಅದು ನ್ಯಾಯವೋ ಅನ್ಯಾಯವೋ ಎಂಬ ಜಗಳಗಳೂ ನಡೆಯುತ್ತಿದ್ದವು. ಆದರೆ ಕಟ್ಟುಪಾಡು ಏನೆಂಬುದು ಅಚ್ಚುಕಟ್ಟಿನ ರೈತರಿಗೆ ಗೊತ್ತಿರುತ್ತಿತ್ತು.

ನಮ್ಮ ಮನೆಗೆ ಬ್ರಾಡ್‌ಬ್ಯಾಂಡ್ ತರುವ ತಂತಿಯ ಆಚೆಯ ತುದಿಯಲ್ಲಿಯೂ ಇಂಥದೊಂದು ತೂಬು ಇದೆ. ದೂರವಾಣಿ ಕೇಂದ್ರದಲ್ಲೋ ಬೀದಿ ಬದಿಯ ಪೆಟ್ಟಿಗೆಯಲ್ಲೋ ಕುಳಿತ ಈ ಉಪಕರಣಕ್ಕೆ ತಾಮ್ರದ ತಂತಿಯಾದರೆ ಡಿಸ್ಲ್ಯಾಮ್ ಎಂದೂ ಗಾಜಿನ ಎಳೆಯಾದರೆ ಓಎಲ್‌ಟಿ ಎಂದೂ ಹೆಸರು. ಮಾಹಿತಿಯ ಯಾವ ಪೊಟ್ಟಣ ಮೊದಲು ಹೋಗಬೇಕು, ಯಾವುದು ಕಾಯಬೇಕು, ಯಾವುದನ್ನು ಬಿಸಾಡಬೇಕು ಎಂಬ ನಿಯಮಗಳನ್ನು ಎಂಜಿನಿಯರುಗಳು ಅಲ್ಲಿ ಬರೆದಿಟ್ಟಿರುತ್ತಾರೆ. ಅವು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಈ ನಿಯಮಗಳು ಎಲ್ಲಿಂದ ಬಂದವು? ಅವುಗಳ ಕಥೆಯನ್ನು ಸ್ವಲ್ಪ ನೋಡೋಣ.

ದೂರವಾಣಿಯ ಕಾಲದಲ್ಲಿ ಸಮಸ್ಯೆ ಸರಳವಾಗಿತ್ತು. ಸಾಲು ಖಾಲಿಯಿದ್ದರೆ ಮಾತು, ಇಲ್ಲದಿದ್ದರೆ ಇಲ್ಲ. ಎಷ್ಟು ಜನರಿಗೆ ಎಷ್ಟು ಸಾಲು ಬೇಕೆಂಬ ಲೆಕ್ಕಕ್ಕೆ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಎ. ಕೆ. ಎರ್ಲಾಂಗ್ 1909ರಲ್ಲಿಯೇ ಗಣಿತದ ಅಡಿಪಾಯ ಹಾಕಿದ್ದ. ಒಮ್ಮೆ ಸಾಲು ಸಿಕ್ಕವನನ್ನು ಯಾರೂ ತಳ್ಳುತ್ತಿರಲಿಲ್ಲ. ಕಂಪ್ಯೂಟರ್ ಜಾಲದ ರೀತಿಯೇ ಬೇರೆ. ಇಲ್ಲಿ ಎಲ್ಲರಿಗೂ ಪ್ರವೇಶವುಂಟು, ಆದರೆ ಎಲ್ಲರೂ ಒಂದೇ ದಾರಿಯಲ್ಲಿ ಸರತಿ ನಿಲ್ಲಬೇಕು. ಸರತಿ ಬಂದ ಮೇಲೆ ನಿಯಮವೂ ಬರಲೇಬೇಕಲ್ಲ!

1981ರಲ್ಲಿ ಇಂಟರ್‌ನೆಟ್ಟಿನ ಮೂಲ ನಿಯಮಾವಳಿ ಸಿದ್ಧವಾದಾಗ ಪ್ರತಿ ಪೊಟ್ಟಣದ ತಲೆಯ ಮೇಲೆ ತುರ್ತನ್ನು ಸೂಚಿಸಲು ಮೂರು ಬಿಟ್‌ಗಳ ಜಾಗ ಇಟ್ಟರು. ಆ ದರ್ಜೆಗಳ ಹೆಸರುಗಳನ್ನು ಕೇಳಿ: ರೂಟೀನ್, ಪ್ರಯಾರಿಟಿ, ಇಮ್ಮೀಡಿಯೆಟ್, ಫ್ಲ್ಯಾಶ್. ಇವು ಅಮೆರಿಕದ ಸೇನೆಯ ಸಂದೇಶಗಳಿಗೆ ಇದ್ದ ಹೆಸರುಗಳು. ಮೊದಲ ನಿಯಮವನ್ನು ಬರೆದವರ ಮನಸ್ಸಿನಲ್ಲಿ ಸೇನಾಧಿಕಾರಿಯಿದ್ದ, ಮನೆಯ ಚಂದಾದಾರನಿರಲಿಲ್ಲ.

ನಿಯಮ ಸಾಲದಿದ್ದರೆ ಏನಾಗುತ್ತದೆಂಬುದು 1986ರ ಅಕ್ಟೋಬರಿನಲ್ಲಿ ಗೊತ್ತಾಯಿತು. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಪಕ್ಕದ ವಿಶ್ವವಿದ್ಯಾಲಯಕ್ಕೂ ಇದ್ದ ದೂರ ಸುಮಾರು 400 ಗಜ. ಆ ದಾರಿಯಲ್ಲಿ ಸೆಕೆಂಡಿಗೆ 32,000 ಬಿಟ್‌ಗಳಷ್ಟಿದ್ದ ಓಟ ಏಕಾಏಕಿ 40ಕ್ಕೆ ಇಳಿಯಿತು. ಕಾರಣವಿಷ್ಟೆ: ದಟ್ಟಣೆಯಲ್ಲಿ ಪೊಟ್ಟಣ ಕಳೆದುಹೋದಾಗ ಕಂಪ್ಯೂಟರುಗಳು ಅದನ್ನೇ ಮತ್ತೆ ಕಳಿಸುತ್ತಿದ್ದವು, ಅದರಿಂದ ದಟ್ಟಣೆ ಇನ್ನೂ ಹೆಚ್ಚುತ್ತಿತ್ತು. ವ್ಯಾನ್ ಜೇಕಬ್ಸನ್ ಮತ್ತು ಮೈಕೇಲ್ ಕ್ಯಾರಲ್ಸ್ 1988ರಲ್ಲಿ ಪರಿಹಾರ ಪ್ರಕಟಿಸಿದರು. ಪೊಟ್ಟಣ ಕಳೆದರೆ ದಾರಿ ತುಂಬಿದೆ ಎಂದು ತಿಳಿದು, ಕಳಿಸುವವನೇ ವೇಗ ತಗ್ಗಿಸಬೇಕು. ಎಲ್ಲರೂ ಸಭ್ಯತೆಯಿಂದ ನಡೆದುಕೊಂಡರೆ ಕಾವಲುಗಾರ ಬೇಡ ಎಂಬ ನಂಬಿಕೆ ಅದರ ಹಿಂದಿತ್ತು.

ನಂಬಿಕೆ ಸಾಲದ ಕಡೆ? ಅದೇ 1986ರಲ್ಲಿ ಜೊನಾಥನ್ ಟರ್ನರ್ ಎಂಬ ಅಮೆರಿಕನ್ ವಿಜ್ಞಾನಿ ಸೋರುವ ಬಕೆಟ್ಟಿನ ಉಪಾಯ ಹೇಳಿದ. ಅದರ ಹತ್ತಿರದ ನೆಂಟ ಟೋಕನ್ ಬಕೆಟ್. ಒಂದು ಬಕೆಟ್ಟಿಗೆ ಗೊತ್ತಾದ ವೇಗದಲ್ಲಿ ಬಿಲ್ಲೆಗಳು ಬೀಳುತ್ತಿವೆ ಎಂದುಕೊಳ್ಳಿ. ಪ್ರತಿ ಪೊಟ್ಟಣವೂ ತನ್ನ ಗಾತ್ರಕ್ಕೆ ತಕ್ಕಷ್ಟು ಬಿಲ್ಲೆ ಕೊಟ್ಟು ಹೊರಡಬೇಕು. ಬಿಲ್ಲೆ ಮುಗಿದಿದ್ದರೆ ಒಂದೋ ಕಾಯಬೇಕು, ಇಲ್ಲವೇ ಕಸದ ಬುಟ್ಟಿ ಸೇರಬೇಕು. ಸ್ವಲ್ಪ ಹೊತ್ತು ಸುಮ್ಮನಿದ್ದವನ ಬಕೆಟ್ಟಿನಲ್ಲಿ ಬಿಲ್ಲೆಗಳು ಕೂಡಿರುವುದರಿಂದ ಮೊದಲ ಕೆಲವು ಕ್ಷಣ ಅವನು ಜೋರಾಗಿ ಓಡಬಹುದು. ಬಿಲ್ಲೆ ಬೀಳುವ ವೇಗ ಎಷ್ಟು, ಬಕೆಟ್ಟಿನ ಗಾತ್ರ ಎಷ್ಟು? ಈ ಎರಡು ಅಂಕಿಗಳನ್ನು ತುಂಬುವುದು ಇಂದಿಗೂ ಬ್ರಾಡ್‌ಬ್ಯಾಂಡ್ ತೂಬಿನ ಬಳಿ ನಡೆಯುವ ಮುಖ್ಯ ಕೆಲಸಗಳಲ್ಲೊಂದು.

ಆದರೆ ವೇಗವೊಂದೇ ಸಾಲದು, ಸರದಿಯೂ ಮುಖ್ಯ. ಭಾರತದ 2004ರ ಬ್ರಾಡ್‌ಬ್ಯಾಂಡ್ ನೀತಿ ಕನಿಷ್ಠ ವೇಗವನ್ನು ಸೆಕೆಂಡಿಗೆ 256 ಕಿಲೋಬಿಟ್ ಎಂದು ನಿಗದಿ ಮಾಡಿತ್ತು. ಅಂಥ ತಂತಿಯಲ್ಲಿ 1,500 ಬೈಟ್‌ಗಳ ಒಂದು ದೊಡ್ಡ ಪೊಟ್ಟಣ ದಾಟಲು ಸುಮಾರು 47 ಮಿಲಿಸೆಕೆಂಡು ಬೇಕು. ಮಾತಿನ ಪುಟ್ಟ ಪೊಟ್ಟಣಗಳು ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಂದರಂತೆ ಬರುತ್ತವೆ. ಮನೆಯಲ್ಲಿ ಮಗ ಸಿನಿಮಾ ಇಳಿಸಿಕೊಳ್ಳುತ್ತಿದ್ದಾನೆ, ತಾಯಿ ವೈದ್ಯರೊಡನೆ ಮಾತಾಡುತ್ತಿದ್ದಾಳೆ ಎನ್ನಿ. ಮಾತಿನ ಮುಂದೆ ಸಿನಿಮಾದ ಹತ್ತು ಪೊಟ್ಟಣ ನಿಂತರೆ ಅರ್ಧ ಸೆಕೆಂಡು ತಡ. ತಡ 150 ಮಿಲಿಸೆಕೆಂಡಿನೊಳಗೆ ಇದ್ದರೆ ಒಳ್ಳೆಯದೆಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಆದ್ದರಿಂದ ಮಾತನ್ನು ಮುಂದೆ ಬಿಡುವುದು ಪಕ್ಷಪಾತವಲ್ಲ, ವಿವೇಕ. 1998ರಲ್ಲಿ ಬಂದ ಡಿಫ್‌ಸರ್ವ್ ಪದ್ಧತಿ ಇದಕ್ಕಾಗಿ ಪೊಟ್ಟಣದ ಮೇಲೆ ಆರು ಬಿಟ್‌ಗಳ, ಎಂದರೆ 64 ಬಗೆಯ, ಗುರುತಿಗೆ ಅವಕಾಶ ಕೊಟ್ಟಿತು.

ಇಲ್ಲೊಂದು ತೊಡಕಿದೆ. ಗುರುತು ಹಾಕುವವರು ಯಾರು? ಚಂದಾದಾರನಿಗೇ ಬಿಟ್ಟರೆ ಪ್ರತಿಯೊಬ್ಬನೂ ತನ್ನದೇ ತುರ್ತು ಎನ್ನುತ್ತಾನೆ. ಅದಕ್ಕಾಗಿ ಸೇವಾದಾರರು ಚಂದಾದಾರನ ಗುರುತನ್ನು ತೂಬಿನ ಬಳಿಯೇ ಅಳಿಸಿ ತಮ್ಮದನ್ನು ಬರೆಯುವ ರೂಢಿ ಬೆಳೆಯಿತು. ತಾಂತ್ರಿಕವಾಗಿ ಇದು ಸರಿ. ಆದರೆ ಅಧಿಕಾರ ಕೈ ಬದಲಾಯಿಸಿದ್ದು ಇಲ್ಲಿಯೇ.

ಆ ಅಧಿಕಾರದ ಇನ್ನೊಂದು ಮುಖ 2007ರಲ್ಲಿ ಅಮೆರಿಕದಲ್ಲಿ ಕಂಡಿತು. ಕಾಮ್‌ಕಾಸ್ಟ್ ಕಂಪನಿಯ ಉಪಕರಣಗಳು ಬಿಟ್‌ಟೊರೆಂಟ್ ಸಂಪರ್ಕಗಳ ನಡುವೆ ನುಗ್ಗಿ, ಎದುರಿನ ಕಂಪ್ಯೂಟರೇ ಸಂಪರ್ಕ ಕಡಿಯಿತೇನೋ ಎಂಬಂಥ ಸುಳ್ಳು ಸಂದೇಶ ಕಳಿಸುತ್ತಿದ್ದವು. ಇದನ್ನು ಪತ್ತೆ ಹಚ್ಚಿದವನು ಒಬ್ಬ ಚಂದಾದಾರ. ಅವನು ಹಂಚಿಕೊಳ್ಳಲು ಹೊರಟಿದ್ದುದು ಹಳೆಯ ಕಾಲದ ಹಾಡುಗಳನ್ನು. ದಟ್ಟಣೆ ನಿಯಂತ್ರಿಸಿದ್ದು ಅಲ್ಲಿ ದೊಡ್ಡ ತಪ್ಪಲ್ಲ, ಹೇಳದೆ ಮಾಡಿದ್ದು, ಸುಳ್ಳಾಡಿ ಮಾಡಿದ್ದು ತಪ್ಪು. ಅಲ್ಲಿನ ಸಂಪರ್ಕ ಆಯೋಗ 2008ರಲ್ಲಿ ಕಂಪನಿಯ ವಿರುದ್ಧ ತೀರ್ಮಾನ ಕೊಟ್ಟಿತು. ಆಯೋಗಕ್ಕೆ ಆ ಅಧಿಕಾರವಿಲ್ಲವೆಂದು 2010ರಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. 2015ರಲ್ಲಿ ಬಂದ ಗಟ್ಟಿ ನಿಯಮ 2017ರಲ್ಲಿ ಹೋಯಿತು. 2024ರಲ್ಲಿ ಮತ್ತೆ ತಂದದ್ದು 2025ರ ಜನವರಿಯಲ್ಲಿ ನ್ಯಾಯಾಲಯದಲ್ಲಿ ಬಿದ್ದಿತು.

ನಮ್ಮ ದೇಶ ಹಿಡಿದ ದಾರಿ ಬೇರೆ. 2015ರಲ್ಲಿ ಟ್ರಾಯ್ ಅಭಿಪ್ರಾಯ ಕೇಳಿದಾಗ ಜನರಿಂದ ಲಕ್ಷಗಟ್ಟಲೆ ಪತ್ರಗಳು ಬಂದವು. ನೋಡುವ ವಿಷಯಕ್ಕೆ ತಕ್ಕಂತೆ ಬೇರೆ ಬೇರೆ ದರ ಹಾಕುವುದನ್ನು 2016ರ ಫೆಬ್ರವರಿ 8ರಂದು ಅದು ನಿಷೇಧಿಸಿತು. 2018ರ ಜುಲೈಯಲ್ಲಿ ದೂರಸಂಪರ್ಕ ಇಲಾಖೆ ಜಾಲದ ಸಮಾನತೆಯ ತತ್ತ್ವವನ್ನೇ ಒಪ್ಪಿಕೊಂಡಿತು. ದಟ್ಟಣೆ ನಿಯಂತ್ರಣಕ್ಕೆ ಅಲ್ಲಿಯೂ ಅವಕಾಶವಿದೆ. ಆದರೆ ಅದು ಅಗತ್ಯಕ್ಕೆ ತಕ್ಕಷ್ಟಿರಬೇಕು, ತಾತ್ಕಾಲಿಕವಾಗಿರಬೇಕು, ಪಾರದರ್ಶಕವಾಗಿರಬೇಕು. ಈ ಮೂರು ಮಾತು ನೆನಪಿಡಲು ಯೋಗ್ಯ.

ಓದುಗ ಮಿತ್ರರೇ, ನಿಯಮವೇ ಬೇಡವೆಂದರೆ 1986 ಮರುಕಳಿಸುತ್ತದೆ. ನಿಯಮ ಗುಟ್ಟಾದರೆ 2007 ಮರುಕಳಿಸುತ್ತದೆ. ಮುಂದಿನ ಬಾರಿ ನಿಮ್ಮ ಸಂಪರ್ಕ ನಿಧಾನವಾದಾಗ ಸೇವಾದಾರರಿಗೆ ಬರೆದು ಕೇಳಿ: ನನಗೆ ಹಾಕಿರುವ ಮಿತಿ ಏನು? ಯಾವುದು ಮುಟ್ಟಿದಾಗ ವೇಗ ಇಳಿಯುತ್ತದೆ? ಯಾವುದಕ್ಕೆ ಮೊದಲ ಸರದಿ? ನೀರುಗಂಟಿಯನ್ನು ನಮ್ಮ ಹಿರಿಯರು ಗದ್ದೆಯ ಬದುವಿನಲ್ಲಿ ನಿಂತು ಕೇಳುತ್ತಿದ್ದುದೂ ಇದನ್ನೇ.